ಶುಶ್ರೂಷಾ ವೃತ್ತಿ: ವಿಭಾಗದ ಆಯ್ಕೆ ಮತ್ತು ಕುಟುಂಬ ಜೀವನ

ಆಸ್ಪತ್ರೆಯಲ್ಲಿ ವೈದ್ಯರು ರೋಗಿಯನ್ನು ಪರೀಕ್ಷಿಸಿ, ಚಿಕಿತ್ಸೆಯನ್ನು ಸೂಚಿಸಿ ಮುಂದೆ ಸಾಗುತ್ತಾರೆ. ಹಗಲಿರುಳೂ ರೋಗಿಯ ಬಳಿಯಲ್ಲಿರುವವರು ಶುಶ್ರೂಷಕರು. ಈ ನಿರಂತರವಾದ ಹೊಣೆಯೇ ಶುಶ್ರೂಷಾ ವೃತ್ತಿಯ ಹಿರಿಮೆ. ಅದರ ಕಷ್ಟದ ಮೂಲವೂ ಅದೇ. ಮನೆಯಲ್ಲಿ ಎಳೆಯ ಮಗು, ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ತಂದೆತಾಯಿಗಳು ಅಥವಾ ಅತ್ತೆಮಾವಂದಿರು ಇರುವಾಗ ಸರದಿಯಂತೆ ಬರುವ ರಾತ್ರಿ ಪಾಳಿ ಹೊರೆಯಾಗಿ ಪರಿಣಮಿಸುತ್ತದೆ. ವರ್ಷಗಟ್ಟಲೆ ತರಬೇತಿ ಪಡೆದವರು ಈ ಕಾರಣದಿಂದ ವೃತ್ತಿಯನ್ನೇ ತೊರೆಯುವುದುಂಟು. ಅದು ಕುಟುಂಬಕ್ಕೂ ಸಮಾಜಕ್ಕೂ ಆಗುವ ನಷ್ಟ. ಆದರೆ ಅನೇಕ ಸಂದರ್ಭಗಳಲ್ಲಿ ತೊಡಕು ಇರುವುದು ವೃತ್ತಿಯಲ್ಲಲ್ಲ, ವಿಭಾಗದ ಆಯ್ಕೆಯಲ್ಲಿ.

ಒಂದು ಬಡಾವಣೆ, ಹಲವು ಆಸ್ಪತ್ರೆಗಳು

ಶುಶ್ರೂಷೆ ಎಂದರೆ ಒಂದೇ ಬಗೆಯ ಕೆಲಸವಲ್ಲ ಎಂಬುದಕ್ಕೆ ಕೋಲ್ಕತ್ತ ನಗರದ ಖಿದಿರ್‌ಪುರ ಉತ್ತಮ ನಿದರ್ಶನ. 1892ರಲ್ಲಿ ಹಡಗುಕಟ್ಟೆ ಆರಂಭವಾದಂದಿನಿಂದ ಬಂದರಿನ ದುಡಿಮೆಯೊಂದಿಗೆ ಬೆಳೆದುಬಂದ ಈ ಪ್ರದೇಶದಲ್ಲಿ ಬಂಗಾಳಿ, ಹಿಂದಿ, ಉರ್ದು ಭಾಷೆಗಳು ಒಟ್ಟಿಗೆ ಕೇಳಿಬರುತ್ತವೆ. ಇಲ್ಲಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ರಾಜ್ಯ ಸರ್ಕಾರದ ಎಸ್.ಎಸ್.ಕೆ.ಎಂ. ಆಸ್ಪತ್ರೆ, ಆಲಿಪುರದಲ್ಲಿ ಸೇನೆಯ ಪೂರ್ವ ಕಮಾಂಡ್ ಆಸ್ಪತ್ರೆ, ಮಾಝೇರ್‌ಹಾಟ್‌ನಲ್ಲಿ ಬಂದರು ಸಂಸ್ಥೆಯ ಶತಮಾನೋತ್ಸವ ಆಸ್ಪತ್ರೆ, ಗಾರ್ಡನ್ ರೀಚ್‌ನಲ್ಲಿ ಆಗ್ನೇಯ ರೈಲ್ವೆಯ ಕೇಂದ್ರ ಆಸ್ಪತ್ರೆ ಹಾಗೂ ಡೈಮಂಡ್ ಹಾರ್ಬರ್ ರಸ್ತೆಯ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಐದೂ ಬಗೆಯ ಸಂಸ್ಥೆಗಳಲ್ಲಿ ಕೆಲಸದ ಸ್ವರೂಪ, ವರ್ಗಾವಣೆಯ ನಿಯಮ, ರಜೆ, ವಸತಿ ಎಲ್ಲವೂ ಬೇರೆ ಬೇರೆ. ಒಂದೇ ಶಿಕ್ಷಣ ಪಡೆದ ಇಬ್ಬರು ಅಕ್ಕಪಕ್ಕದ ಎರಡು ಆಸ್ಪತ್ರೆಗಳಲ್ಲಿ ಎರಡು ಬಗೆಯ ಜೀವನವನ್ನು ನಡೆಸಬಹುದು.

ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಏನಾಗುತ್ತದೆಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2020ರ ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಶುಶ್ರೂಷಕರು ಕೆಲಸ ತೊರೆದು ಮಣಿಪುರ, ತ್ರಿಪುರ, ಒಡಿಶಾ ಮೊದಲಾದ ತಮ್ಮ ರಾಜ್ಯಗಳಿಗೆ ಹಿಂದಿರುಗಿದರು. ಸೋಂಕಿನ ಭಯ ಮತ್ತು ಊರಿನಲ್ಲಿದ್ದ ತಂದೆತಾಯಿಗಳ ಆತಂಕ ಇದಕ್ಕೆ ಮುಖ್ಯ ಕಾರಣಗಳಾಗಿದ್ದವು. ಶುಶ್ರೂಷಕರ ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯವಸ್ಥೆ ಸಂಕಟದ ಕಾಲದಲ್ಲಿ ರೋಗಿಗಳನ್ನೂ ಕೈಬಿಡಬೇಕಾಗುತ್ತದೆ.

ವಿಭಾಗಗಳು ಮತ್ತು ಅವುಗಳ ವೇಳೆ

ತೀವ್ರ ನಿಗಾ ಘಟಕ, ತುರ್ತು ಚಿಕಿತ್ಸೆ, ನವಜಾತ ಶಿಶು ಆರೈಕೆ ಹಾಗೂ ಹೆರಿಗೆ ವಿಭಾಗಗಳು ರಾತ್ರಿಯೆಂದು ಮುಚ್ಚುವಂಥವಲ್ಲ. ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕರಿರಬೇಕೆಂಬುದು ಅಂಗೀಕೃತ ಪ್ರಮಾಣ. ಇಲ್ಲಿ ಕಲಿಯುವ ಅವಕಾಶ ಹೆಚ್ಚು, ಕ್ಷಣಕ್ಷಣದ ಎಚ್ಚರವೂ ಹೆಚ್ಚು. ತ್ವರಿತವಾಗಿ ನಿರ್ಧರಿಸಬಲ್ಲವರಿಗೆ, ಮನೆಯಲ್ಲಿ ರಾತ್ರಿಯ ಆಸರೆ ಇರುವವರಿಗೆ ಈ ವಿಭಾಗಗಳು ಒಗ್ಗುತ್ತವೆ. ದೀರ್ಘಕಾಲದ ರಾತ್ರಿ ಪಾಳಿಯನ್ನು ಹಗುರವಾಗಿ ಕಾಣಲಾಗದು. ದೇಹದ ನಿದ್ರೆಯ ಲಯವನ್ನು ಕೆಡಿಸುವ ರಾತ್ರಿ ದುಡಿಮೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ, ಪುನಃ 2019ರಲ್ಲಿ, ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳ ಅಂಶಗಳ ಪಟ್ಟಿಯಲ್ಲಿ ಸೇರಿಸಿದೆ.

ಹೊರರೋಗಿ ವಿಭಾಗ, ಲಸಿಕಾ ಕೇಂದ್ರ, ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳ ಕೊಠಡಿ ಇವುಗಳ ಕೆಲಸ ಬಹುಮಟ್ಟಿಗೆ ಹಗಲಿನಲ್ಲಿಯೇ ಮುಗಿಯುತ್ತದೆ. ಆದರೆ ಶಸ್ತ್ರಚಿಕಿತ್ಸಾ ಕೊಠಡಿಯವರಿಗೆ ತುರ್ತು ಕರೆ ಬರುವುದುಂಟು. ಡಯಾಲಿಸಿಸ್ ಘಟಕದಲ್ಲಿ ಅದೇ ರೋಗಿಗಳು ವಾರಕ್ಕೆ ಎರಡು ಮೂರು ಬಾರಿ ಬರುವುದರಿಂದ ಕೆಲಸಕ್ಕೆ ಒಂದು ಕ್ರಮವಿರುತ್ತದೆ. ಬಂದರು, ಕಾರ್ಖಾನೆಗಳಂತಹ ದುಡಿಮೆಯ ಸ್ಥಳಗಳಲ್ಲಿ ಪೆಟ್ಟು, ಮೂಳೆಮುರಿತ, ಸುಟ್ಟಗಾಯಗಳ ಆರೈಕೆಯಷ್ಟೇ ಅಪಾಯ ತಡೆಯುವ ತಿಳಿವಳಿಕೆಯೂ ಮುಖ್ಯವಾಗುತ್ತದೆ.

ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಮನೆಮನೆಗೆ ಹೋಗಿ ಬಾಣಂತಿ, ಶಿಶು, ಕ್ಷಯರೋಗಿಗಳನ್ನು ವಿಚಾರಿಸಬೇಕು. ವೇಳೆ ಅನುಕೂಲಕರವಾಗಿದ್ದರೂ ನಡಿಗೆ ಹೆಚ್ಚು. ಜನರ ಭಾಷೆ ತಿಳಿದಿರಬೇಕು. ಖಿದಿರ್‌ಪುರದಂತಹ ಬಡಾವಣೆಯಲ್ಲಿ ಕನ್ನಡ ಮಾತ್ರ ಬಲ್ಲವರಿಗೆ ಈ ಕೆಲಸ ಮೊದಲ ದಿನದಿಂದಲೇ ಸುಲಭವಾಗಲಾರದು. ಯಂತ್ರಗಳ ನಡುವೆ ನಡೆಯುವ ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸಕ್ಕೆ ಭಾಷೆಯ ತಡೆ ಅಷ್ಟಾಗಿ ಬಾಧಿಸದು. ಮಾನಸಿಕ ಆರೋಗ್ಯ ವಿಭಾಗದಲ್ಲಿ ಮಾತೇ ಔಷಧದ ಒಂದು ಭಾಗ. ತಾಳ್ಮೆ ಮತ್ತು ಭಾಷೆ ಎರಡೂ ಅಲ್ಲಿ ಅಗತ್ಯ. ಬೋಧನೆಯ ಕ್ಷೇತ್ರದಲ್ಲಿ ನಿಗದಿತ ವೇಳೆಯೂ ರಜೆಯೂ ಇರುತ್ತದೆ, ಆದರೆ ಅದಕ್ಕೆ ಉನ್ನತ ವ್ಯಾಸಂಗ ಬೇಕಾಗುತ್ತದೆ.

ತರಬೇತಿಯ ಮಾರ್ಗ

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಹಾಗೂ ಮೂರು ವರ್ಷಗಳ ಜಿ.ಎನ್.ಎಂ. ಶಿಕ್ಷಣ ಎಲ್ಲ ವಿಭಾಗಗಳಿಗೂ ಸಾಮಾನ್ಯ ತಳಹದಿ. ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬಹುದು. ಎಂ.ಎಸ್ಸಿ. ಹಂತದಲ್ಲಿ ವೈದ್ಯಕೀಯ-ಶಸ್ತ್ರಚಿಕಿತ್ಸಾ, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ಐದು ಶಾಖೆಗಳಿವೆ. ಎರಡು ವರ್ಷ ಬಿಡುವು ಮಾಡಿಕೊಳ್ಳಲಾಗದ ಗೃಹಸ್ಥರಿಗೆ ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ಮಾನಸಿಕ ಆರೋಗ್ಯ ಮುಂತಾದ ವಿಷಯಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳು ಲಭ್ಯವಿವೆ. ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಶುಶ್ರೂಷೆಯ ಶಿಕ್ಷಣಕ್ಕೆ ಹೆಸರಾಗಿದೆ. ಸೇನಾ ಶುಶ್ರೂಷಾ ಕಾಲೇಜುಗಳು ಕೋಲ್ಕತ್ತ ಮತ್ತು ಬೆಂಗಳೂರು ಎರಡೂ ಕಡೆಗಳಲ್ಲಿವೆ.

ಕುಟುಂಬದವರ ವರ್ಗಾವಣೆಯಿಂದಾಗಿ ಬೇರೆ ರಾಜ್ಯಕ್ಕೆ ತೆರಳುವವರು ಒಂದು ಸಂಗತಿಯನ್ನು ಮರೆಯಬಾರದು. ಕರ್ನಾಟಕದಲ್ಲಿ ನೋಂದಣಿ ಹೊಂದಿದವರು ಪಶ್ಚಿಮ ಬಂಗಾಳದಲ್ಲಿ ಕೆಲಸ ಮಾಡಬೇಕಾದರೆ ಆ ರಾಜ್ಯದ ಪರಿಷತ್ತಿನ ನೋಂದಣಿಯನ್ನು ಪಡೆಯಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ಊರು ಬಿಡುವ ಮೊದಲೇ ಅರ್ಜಿ ಸಲ್ಲಿಸುವುದು ಸೂಕ್ತ. ಪತಿಪತ್ನಿಯರಿಬ್ಬರೂ ಸರ್ಕಾರಿ ನೌಕರರಾಗಿದ್ದರೆ ಸಾಧ್ಯವಾದಮಟ್ಟಿಗೆ ಅವರನ್ನು ಒಂದೇ ಸ್ಥಳದಲ್ಲಿ ನಿಯುಕ್ತಿಗೊಳಿಸಬೇಕೆಂದು ಕೇಂದ್ರ ಸರ್ಕಾರದ 2009ರ ಆದೇಶ ತಿಳಿಸುತ್ತದೆ.

ಕಾನೂನಿನ ಆಸರೆ

ವಿವಾಹವಾದರೆ ಕೆಲಸವಿಲ್ಲ ಎಂಬ ಕಾಲವೊಂದಿತ್ತು. ಸೇನಾ ಶುಶ್ರೂಷಾ ಸೇವೆಯಲ್ಲಿದ್ದ ಮಹಿಳಾ ಅಧಿಕಾರಿಯೊಬ್ಬರನ್ನು ವಿವಾಹದ ಕಾರಣದಿಂದ 1988ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಆ ನಿಯಮವನ್ನು 1995ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ನಿಯಮ ಲಿಂಗತಾರತಮ್ಯದಿಂದ ಕೂಡಿದ್ದೆಂದು ಹೇಳಿ, ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ವಿವಾಹ ಮತ್ತು ವೃತ್ತಿಗಳಲ್ಲಿ ಒಂದನ್ನು ಬಿಡಬೇಕೆಂದು ಒತ್ತಾಯಿಸುವಂತಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹೆರಿಗೆ ರಜೆಯ ಅವಧಿಯನ್ನು 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅವಧಿಯನ್ನು ಉಳಿಸಿಕೊಳ್ಳಲಾಗಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕು; ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯ ಸೌಲಭ್ಯವಿದೆ. ಮೊದಲ 365 ದಿನಗಳಿಗೆ ಪೂರ್ಣ ವೇತನ, ಉಳಿದವಕ್ಕೆ ಶೇಕಡ 80ರಷ್ಟು ವೇತನ ದೊರೆಯುತ್ತದೆ. ಮಗುವನ್ನು ಒಬ್ಬಂಟಿಯಾಗಿ ಸಾಕುವ ಪುರುಷ ನೌಕರರಿಗೂ ಇದು ಅನ್ವಯಿಸುತ್ತದೆ.

ರಾತ್ರಿ ಪಾಳಿಯ ಸುರಕ್ಷತೆ ಮತ್ತೊಂದು ಗಂಭೀರ ವಿಷಯ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಹತ್ಯೆಯಾದ ನಂತರ ಸರ್ವೋಚ್ಚ ನ್ಯಾಯಾಲಯವು ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಪ್ರತ್ಯೇಕ ವಿಶ್ರಾಂತಿ ಕೊಠಡಿ, ಶೌಚಾಲಯ, ಬೆಳಕು, ರಾತ್ರಿ ಸಾರಿಗೆ ಇವು ಇವೆಯೇ ಎಂದು ಕೆಲಸಕ್ಕೆ ಸೇರುವ ಮುನ್ನವೇ ವಿಚಾರಿಸುವುದು ಅವಿಧೇಯತೆಯಲ್ಲ, ವಿವೇಕ.

ಆಯ್ಕೆಗೆ ಮುನ್ನ

ವಿಭಾಗವನ್ನು ಆರಿಸುವವರು ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ತುರ್ತಿನ ಕೆಲಸ ಉತ್ಸಾಹ ತರುವುದೋ, ನಿಧಾನದ ಆರೈಕೆಯೋ? ತಿಂಗಳಿಗೆ ಎಷ್ಟು ರಾತ್ರಿ ಪಾಳಿ ಬರುತ್ತದೆ? ಆ ರಾತ್ರಿಗಳಲ್ಲಿ ಮನೆಯಲ್ಲಿ ಹೊಣೆ ಹೊರುವವರು ಯಾರು? ಮನೆಯಿಂದ ಆಸ್ಪತ್ರೆಗೆ ಹೋಗಿಬರಲು ಎಷ್ಟು ಹೊತ್ತು ಬೇಕು? ಸಾಧ್ಯವಾದರೆ ಆ ವಿಭಾಗದಲ್ಲಿಯೇ ಕೆಲಸ ಮಾಡುತ್ತಿರುವ ಹಿರಿಯರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಒಮ್ಮೆ ಮಾಡಿದ ಆಯ್ಕೆ ಜೀವಮಾನದ ಬಂಧನವಲ್ಲ. ಮಗು ಚಿಕ್ಕದಿರುವಾಗ ಹೊರರೋಗಿ ವಿಭಾಗದಲ್ಲಿದ್ದವರು ಮಕ್ಕಳು ಬೆಳೆದ ಮೇಲೆ ತೀವ್ರ ನಿಗಾ ಘಟಕಕ್ಕೆ ಹೋಗಬಹುದು. ದಣಿದ ವಯಸ್ಸಿನಲ್ಲಿ ಬೋಧನೆಗೆ ತಿರುಗಬಹುದು. ಮನೆಗೆಲಸ ಹೆಂಗಸರದೊಂದೇ ಎಂಬ ರೂಢಿ ಬದಲಾಗಿ ಪತಿಯೂ ಹಿರಿಯರೂ ಪಾಲು ವಹಿಸಿದಾಗ, ಆಸ್ಪತ್ರೆಯ ಆಡಳಿತವು ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿದಾಗ, ತರಬೇತಿ ಪಡೆದ ಕೈಗಳು ವೃತ್ತಿಯಲ್ಲಿಯೇ ಉಳಿಯುತ್ತವೆ. ಅದರ ಫಲ ದೊರೆಯುವುದು ರಾತ್ರಿಯ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಮಲಗಿ ಕರೆಗಂಟೆ ಒತ್ತುವ ರೋಗಿಗೆ.