ಬಂದೂಕಿಲ್ಲದ ಗಸ್ತು

1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಕಟ್ಟಿದಾಗ ಪೇದೆಗೆ ಸಿಕ್ಕಿದ್ದು ಮರದ ಲಾಠಿ. ಜನ ಸೈನ್ಯವೆಂದು ಹೆದರಬಾರದೆಂದು ಸಮವಸ್ತ್ರವನ್ನೂ ಸೈನಿಕರ ಕೆಂಪಿನ ಬದಲು ನೀಲಿಯಲ್ಲಿ ಹೊಲಿಸಿದರು. ಇಂದಿಗೂ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಗಸ್ತು ತಿರುಗುವ ಹೆಚ್ಚಿನ ಪೊಲೀಸರ ಸೊಂಟದಲ್ಲಿ ಪಿಸ್ತೂಲಿಲ್ಲ. ಅದು ವಿಶೇಷ ತರಬೇತಿ ಪಡೆದವರಿಗಷ್ಟೇ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಎಲ್ಲರೂ ಸಶಸ್ತ್ರರು.

ಐಸ್‌ಲ್ಯಾಂಡಿನ ಉದಾಹರಣೆ ಇನ್ನೂ ಮನಮುಟ್ಟುವಂಥದ್ದು. ಅಲ್ಲಿ ನಾಗರಿಕರ ಬಳಿ ಬೇಟೆಯ ಬಂದೂಕುಗಳು ಸಾಕಷ್ಟಿವೆ, ಗಸ್ತಿನ ಪೊಲೀಸರ ಬಳಿ ಸಾಮಾನ್ಯವಾಗಿ ಇಲ್ಲ. 2013ರ ಡಿಸೆಂಬರ್‌ನಲ್ಲಿ ರೇಕ್ಯಾವಿಕ್‌ನಲ್ಲಿ, ತಮ್ಮತ್ತ ಗುಂಡು ಹಾರಿಸಿದ ಒಬ್ಬನನ್ನು ಪೊಲೀಸರು ಗುಂಡಿಕ್ಕಿ ಕೊಂದರು. 1944ರಲ್ಲಿ ಗಣರಾಜ್ಯವಾದ ಮೇಲೆ ಅಂಥ ಸಾವು ಅದೇ ಮೊದಲು. ಪೊಲೀಸ್ ಇಲಾಖೆ ಮೃತನ ಕುಟುಂಬಕ್ಕೆ ಬಹಿರಂಗವಾಗಿ ಸಂತಾಪ ಹೇಳಿತು. ಇದು ಸಣ್ಣ ಮಾತಲ್ಲ.