ಮುಯ್ಯಾಳು, ಜೀತದಾಳು ಮತ್ತು ನೀತಿಯ ಹುಟ್ಟು

ನೀತಿ ಶಾಸ್ತ್ರದಿಂದ ಇಳಿದು ಬಂದದ್ದಲ್ಲ, ಮನುಷ್ಯರು ಕೂಡಿ ಬದುಕುತ್ತ ಬೆಳೆಸಿಕೊಂಡದ್ದು ಎನ್ನುತ್ತದೆ ವಿಕಾಸವಾದ. ಮನುವಿನ ಕೈಯಿಂದ ನೀತಿಯನ್ನು ಬಿಡಿಸಿಕೊಳ್ಳಬೇಕಾದ ನಮಗೆ ಇದು ಹತ್ತಿರದ ಮಾತು. ಆದರೆ ಇದನ್ನೇ ಹಿಡಿದು ‘ಮೇಲುಕೀಳು ನಿಸರ್ಗದಾಗ ಐತಿ’ ಎನ್ನುವವರೂ ಇದ್ದಾರೆ. ಹಾಗಾಗಿ ಈ ವಾದವನ್ನು ನಮ್ಮ ನೆಲದ ಮೇಲಿಟ್ಟು ನೋಡಬೇಕು.

ಸಂಘಜೀವಿಯ ಸಹಜ ಪ್ರವೃತ್ತಿಗಳಿಂದ ನೀತಿಪ್ರಜ್ಞೆ ಬೆಳೆಯಿತೆಂದು ಡಾರ್ವಿನ್ 1871ರಲ್ಲೇ ವಾದಿಸಿದ. ರಕ್ತಸಂಬಂಧಿಗಳಿಗಾಗಿ ಜೀವಿ ಯಾಕೆ ನಷ್ಟ ತಾಳುತ್ತದೆಂಬುದಕ್ಕೆ 1964ರಲ್ಲಿ ಹ್ಯಾಮಿಲ್ಟನ್ ಲೆಕ್ಕ ಕೊಟ್ಟ. ನೆಂಟರಲ್ಲದವರ ನಡುವಿನ ನೆರವನ್ನು 1971ರಲ್ಲಿ ಟ್ರಿವರ್ಸ್ ವಿವರಿಸಿದ: ಮತ್ತೆ ಮತ್ತೆ ಎದುರಾಗುವವರು ಕೊಟ್ಟು ತಗೊಳ್ಳುತ್ತಾರೆ, ವಂಚಿಸಿದವನನ್ನು ನೆನಪಿಡುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ರೈತನಿಗೆ ಇದನ್ನು ಹೇಳಿದರೆ ‘ಇದು ಮುಯ್ಯಾಳಲ್ಲೇನ್ರೀ’ ಅಂದಾನು. ಇವತ್ತು ನಾ ನಿನ್ನ ಹೊಲಕ್ಕ, ನಾಳೆ ನೀ ನನ್ನ ಹೊಲಕ್ಕ.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಮುಯ್ಯಿ ನಡೆಯಲು ಇಬ್ಬರಿಗೂ ಹೊಲವಿರಬೇಕು, ಇಬ್ಬರಿಗೂ ‘ಒಲ್ಲೆ’ ಎನ್ನುವ ಶಕ್ತಿಯಿರಬೇಕು. ಹೊಲವೇ ಇಲ್ಲದವನ ದುಡಿಮೆ ಯಾವ ಹೊಲಕ್ಕೆ ಮರಳಿ ಬಂದೀತು? ಅದು ಜೀತ. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಅದರ ನೀತಿಯನ್ನು ರದ್ದು ಮಾಡಲಾಗಲಿಲ್ಲ. ‘ಉಂಡ ಮನೆಗೆ ಎರಡು ಬಗೀಬ್ಯಾಡ’ ಎಂದು ಬುದ್ಧಿ ಹೇಳಿದ್ದು ಯಾರಿಗೆ? ಆ ಮನೆಯ ಜೋಳ ಬೆಳೆದವನಿಗೇ. ಋಣ, ನಿಯತ್ತು ಎಂಬ ಮುಯ್ಯಿಯ ಮಾತುಗಳನ್ನು ಜೀತಕ್ಕೆ ಹೊದಿಸಿದ್ದು ನಿಸರ್ಗವಲ್ಲ, ಒಡೆತನ.

ಇನ್ನು ಜಾತಿಯೇ ಹುಟ್ಟುಗುಣ ಎಂಬ ವಾದ. ವಂಶಶುದ್ಧಿಯ ಹೆಸರಿನಲ್ಲಿ ಜಾತಿಯನ್ನು ಸಮರ್ಥಿಸುವವರಿಗೆ ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲೇ ಉತ್ತರಿಸಿದ್ದಾರೆ. 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಸುಮಾರು 1900 ವರ್ಷಗಳ ಹಿಂದಿನವರೆಗೂ ಈ ನೆಲದ ಜನ ವ್ಯಾಪಕವಾಗಿ ಬೆರೆಯುತ್ತಿದ್ದರು, ಒಳಮದುವೆಯ ಗೋಡೆ ಬಿಗಿಯಾದದ್ದು ಆಮೇಲೆ ಎಂದು ತೋರಿಸಿತು. ಬೇಟೆಗಾರ ಗುಂಪುಗಳಲ್ಲಿ ದರ್ಪ ತೋರುವವನನ್ನು ಉಳಿದವರೆಲ್ಲ ಕೂಡಿ ಹದ್ದುಬಸ್ತಿನಲ್ಲಿಡುತ್ತಾರೆಂದು 1999ರಲ್ಲಿ ಕ್ರಿಸ್ಟೋಫರ್ ಬೋಮ್ ಬರೆದ. ಅಂದಮೇಲೆ ದರ್ಪದಷ್ಟೇ ಹಳೆಯದು ಪ್ರತಿಭಟನೆ. ಆದರೆ ಹಳೆಯದೆಂಬ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ. ವಿಕಾಸವಾದ ಕಾರಣ ಹೇಳೀತು, ನ್ಯಾಯ ಹೇಳಲಾರದು. ನ್ಯಾಯವನ್ನು ನಾವೇ ಕೂತು ತೀರ್ಮಾನಿಸಬೇಕು.

ಆ ತೀರ್ಮಾನದ ಒಂದು ಹಳೆಯ ಯತ್ನ ನಮ್ಮಲ್ಲೇ ಇದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನ, ಧರ್ಮದಲ್ಲಿ ನಡೆವ ಸಣ್ಣವನೂ ಗುರಿ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎನ್ನುತ್ತದೆ. ದೊಡ್ಡ ಮಾತೇ. ಆದರೆ ಅವನು ಸಣ್ಣವನಾದದ್ದು ಹೆಂಗ ಎಂದು ಶಾಸನ ಕೇಳುವುದಿಲ್ಲ. ಅದನ್ನು ದಲಿತ ವಿಮರ್ಶೆ ಕೇಳಬೇಕು, ಶಾಸ್ತ್ರವನ್ನೂ, ವಿಜ್ಞಾನವನ್ನೂ.