ಹಳೆ ಕಾರಿನ ಕೈಬ್ರೇಕು: ಕೇಬಲ್ ಬಿಗಿಯುವ ಮೊದಲು ಡ್ರಮ್ ನೋಡಿರಿ



ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದಲ್ಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಲ್ಲಾಗಲಿ, ಹಳೆಯ ಕಾರನ್ನು ಜೋಪಾನ ಮಾಡಿಕೊಂಡು ಬಂದ ರೈತ ಕುಟುಂಬಗಳಿವೆ. ಅಂಬಾಸಿಡರ್ ಮತ್ತು ಮಾರುತಿ ೮೦೦ ಕಾರುಗಳ ತಯಾರಿಕೆ ೨೦೧೪ರಲ್ಲಿ ನಿಂತಿತು. ಆದರೂ ಇಂಥ ಗಾಡಿಗಳು ಸಂತೆಗೆ, ದವಾಖಾನೆಗೆ, ಹೊಲಕ್ಕೆ ಇನ್ನೂ ಓಡುತ್ತಿವೆ. ಎಂಜಿನ್ನಿನ ಸಪ್ಪಳ ಸ್ವಲ್ಪ ಬದಲಾದರೂ ನಾವು ಲಕ್ಷ್ಯ ಕೊಡುತ್ತೇವೆ. ಕೈಬ್ರೇಕು ಕೆಟ್ಟರೆ ಮಾತ್ರ ಗಾಲಿಗೆ ಒಂದು ಕಲ್ಲು ಕೊಟ್ಟು ಸುಮ್ಮನಾಗುತ್ತೇವೆ. ಕಲ್ಲು ಒಂದು ದಿನದ ಉಪಾಯ, ಅದು ಬ್ರೇಕಲ್ಲ. ನಿಲ್ಲಿಸಿದ ಕಾರಿನ ಹಿಂದೆ ಮಕ್ಕಳು ಆಡುತ್ತಿರುತ್ತಾರೆ, ದನ ಕಟ್ಟಿರುತ್ತೇವೆ ಎಂಬುದನ್ನು ನೆನಪಿಡಬೇಕು.

ಇಳಿಜಾರಿನ ಲೆಕ್ಕ

ಹತ್ತು ಮೊಳಕ್ಕೆ ಒಂದು ಮೊಳ ಏರುವ ಜಾಗ ನಮ್ಮ ಕಣ್ಣಿಗೆ ದೊಡ್ಡ ಇಳಿಜಾರಾಗಿ ಕಾಣುವುದಿಲ್ಲ. ಅಂಥ ಜಾಗದಲ್ಲಿ ನಿಂತ ಕಾರನ್ನು ಅದರ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಬಲ ಕೆಳಕ್ಕೆ ಸೆಳೆಯುತ್ತಿರುತ್ತದೆ. ಮಾರುತಿ ೮೦೦ ಕಾರಿನ ತೂಕ ಸುಮಾರು ೬೫೦ ಕಿಲೊ. ಅದರಲ್ಲಿ ಮನೆಯ ನಾಲ್ವರು ಕುಳಿತು, ಒಂದು ಕ್ವಿಂಟಲ್ ಬೀಜ-ಗೊಬ್ಬರ ಹೇರಿದರೆ ಒಟ್ಟು ಒಂದು ಸಾವಿರ ಕಿಲೊದ ಹತ್ತಿರ ಆಗುತ್ತದೆ. ಅಂದರೆ ಒಂದು ಕ್ವಿಂಟಲ್ ಭಾರದಷ್ಟು ಸೆಳೆತವನ್ನು ಕೈಬ್ರೇಕು ಒಂದೇ ತಡೆದು ಹಿಡಿಯಬೇಕು. ಉರುಟು ಕಲ್ಲು ಇಷ್ಟು ಸೆಳೆತಕ್ಕೆ ಜಾರಬಹುದು, ಮಳೆಗಾಲದಲ್ಲಿ ಮೆತ್ತಗಾದ ಎರೆ ಮಣ್ಣಿನಲ್ಲಿ ಹೂತು ಹೋಗಲೂಬಹುದು.

ಕೈಬ್ರೇಕು ಕೆಲಸ ಮಾಡುವ ರೀತಿ

ಇದರಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಕೈಹಿಡಿ. ಇದರ ಬುಡದಲ್ಲಿ ಹಲ್ಲುಗಳಿರುವ ಪಟ್ಟಿ, ಆ ಹಲ್ಲಿಗೆ ಸಿಕ್ಕಿ ನಿಲ್ಲುವ ಚಿಕ್ಕ ಕೊಕ್ಕೆ ಇರುತ್ತವೆ. ತುದಿಯ ಗುಂಡಿ ಒತ್ತಿದಾಗ ಕೊಕ್ಕೆ ಹಲ್ಲಿನಿಂದ ಬಿಡುತ್ತದೆ. ಎರಡನೆಯದು ಕೇಬಲ್. ಇದು ತಂತಿಯ ಹುರಿ, ಸೈಕಲ್ಲಿನ ಬ್ರೇಕ್ ತಂತಿಯಂತೆ ಕೊಳವೆಯೊಳಗೆ ಸರಿದಾಡುತ್ತದೆ. ಮೂರನೆಯದು ಹಿಂದಿನ ಎರಡು ಗಾಲಿಗಳ ಡ್ರಮ್. ಕೇಬಲ್ ಎಳೆದಾಗ ಡ್ರಮ್ಮಿನ ಒಳಗಿನ ಸನ್ನೆ ತಿರುಗಿ, ಎರಡು ಬ್ರೇಕ್ ಷೂಗಳನ್ನು ಹೊರಕ್ಕೆ ಒತ್ತಿ ಗಾಲಿಯನ್ನು ಹಿಡಿಯುತ್ತದೆ. ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ನಡೆದರೆ ಕೈಬ್ರೇಕು ತಂತಿಯಿಂದ ನಡೆಯುತ್ತದೆ. ಹಿಂದಿನ ಗಾಲಿಗಳಲ್ಲಿ ಎರಡಕ್ಕೂ ಷೂ ಮಾತ್ರ ಒಂದೇ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಭಾಗದಲ್ಲಿ ಕೇಬಲ್ ಬೇಗ ಕೆಡಲು ಮಣ್ಣೂ ಒಂದು ಕಾರಣ. ಮಳೆಗಾಲದಲ್ಲಿ ಎರೆ ಮಣ್ಣು ಕಾರಿನ ತಳಕ್ಕೆ ಮೆತ್ತಿಕೊಂಡು ಬಹಳ ದಿನ ತೇವ ಹಿಡಿದಿಡುತ್ತದೆ. ಕೇಬಲ್ಲಿನ ಕೊಳವೆ ಎಲ್ಲಿಯಾದರೂ ಸೀಳಿದ್ದರೆ ನೀರು ಒಳಗೆ ಇಳಿದು ತಂತಿ ತುಕ್ಕು ತಿನ್ನುತ್ತದೆ. ಬೇಸಿಗೆಯ ಧೂಳು ಅದರ ಮೇಲೆ ಕೂತು ತಂತಿ ಸರಿದಾಡದಂತೆ ಮಾಡುತ್ತದೆ.

ದೋಷ ಎಲ್ಲಿದೆ?

ಏನನ್ನೂ ಬಿಚ್ಚುವ ಮೊದಲು, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಕೈಹಿಡಿಯನ್ನು ನಿಧಾನವಾಗಿ ಎಳೆದು ನೋಡಿರಿ. ಲಕ್ಷಣದ ಮೇಲಿಂದ ದೋಷದ ಸ್ಥಳ ಗೊತ್ತಾಗುತ್ತದೆ.

೧. ಎತ್ತಿದ ಕೈಹಿಡಿ ನಿಲ್ಲದೆ ಕೆಳಗೆ ಬಿದ್ದರೆ ಹಲ್ಲು ಅಥವಾ ಕೊಕ್ಕೆ ಸವೆದಿದೆ, ಇಲ್ಲವೇ ಅದರ ಸ್ಪ್ರಿಂಗ್ ಮುರಿದಿದೆ.

೨. ಕೈಗೆ ಭಾರವೇ ಹತ್ತದೆ ಪೂರ್ತಿ ಮೇಲೆ ಬಂದರೆ ಕೇಬಲ್ ತುಂಡಾಗಿದೆ ಅಥವಾ ಕಳಚಿದೆ.

೩. ಮೊದಲಿಗಿಂತ ಹೆಚ್ಚು ‘ಟಿಕ್ ಟಿಕ್’ ಆದ ಮೇಲೆ ಹಿಡಿಯತೊಡಗಿದರೆ ಷೂ ಸವೆದಿರಬೇಕು ಅಥವಾ ಕೇಬಲ್ ಸಡಿಲಾಗಿರಬೇಕು.

೪. ಕೈಹಿಡಿ ಬಿಗಿಯಾಗಿ ನಿಂತರೂ ಕಾರು ಜಾರಿದರೆ ಷೂಗಳಿಗೆ ಎಣ್ಣೆ ಹತ್ತಿರಬಹುದು, ಇಲ್ಲವೇ ಕೇಬಲ್ ತುಕ್ಕಿನಿಂದ ನಡುವೆಯೇ ಸಿಕ್ಕಿಕೊಂಡಿರಬಹುದು.

೫. ಕೈಹಿಡಿ ಇಳಿಸಿದರೂ ಗಾಲಿ ಬಿಡದಿದ್ದರೆ ಕೇಬಲ್ ಅಥವಾ ಡ್ರಮ್ಮಿನ ಸನ್ನೆ ತುಕ್ಕು ಹಿಡಿದಿದೆ. ಹೀಗೆಯೇ ಓಡಿಸಿದರೆ ಡ್ರಮ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ, ಷೂ ಬೇಗ ಸವೆಯುತ್ತದೆ.

ಕಾರು ಎತ್ತುವಾಗ ಎಚ್ಚರಿಕೆ

ಕೈಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನು. ಅವುಗಳನ್ನೇ ಜ್ಯಾಕಿನಿಂದ ಎತ್ತಿದ ಮೇಲೆ, ಕೈಬ್ರೇಕು ಸುಸ್ಥಿತಿಯಲ್ಲಿದ್ದರೂ ಕಾರನ್ನು ತಡೆಯಲಾರದು. ಆದ್ದರಿಂದ ಎತ್ತುವ ಮೊದಲೇ ಮುಂದಿನ ಎರಡೂ ಗಾಲಿಗಳ ಹಿಂದೆ-ಮುಂದೆ ಕಟ್ಟಿಗೆಯ ಬೆಣೆ ಕೊಡಿರಿ. ಗಟ್ಟಿ ನೆಲದ ಮೇಲೆಯೇ ಈ ಕೆಲಸ ಮಾಡಬೇಕು. ಮಣ್ಣಿನ ನೆಲವಾದರೆ ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಡಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ತೂರಬಾರದು. ಭಾರ ಹೊರುವ ಕಬ್ಬಿಣದ ಸ್ಟ್ಯಾಂಡು ಕೊಟ್ಟ ಮೇಲೆಯೇ ಕೆಳಗೆ ಹೋಗಬೇಕು. ಇಟ್ಟಿಗೆ, ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದು ಅಪಾಯ.

ಕೈಹಿಡಿಯ ದುರಸ್ತಿ

ಕೈಹಿಡಿಯ ಮುಚ್ಚಳ ತೆಗೆದು ಹಲ್ಲು ಮತ್ತು ಕೊಕ್ಕೆಗಳಲ್ಲಿ ಕೂತ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಒರೆಸಿ, ಒಣಗಿದ ಮೇಲೆ ಕೊಕ್ಕೆಯ ಕೀಲಿಗೆ ಒಂದೆರಡು ಹನಿ ಎಣ್ಣೆ ಬಿಡಿರಿ. ಎಷ್ಟೋ ಸಲ ಕೊಳೆಯಿಂದಲೇ ಕೊಕ್ಕೆ ಹಲ್ಲಿಗೆ ಪೂರ್ತಿ ಕೂರುವುದಿಲ್ಲ. ಆದರೆ ಹಲ್ಲಿನ ತುದಿ ದುಂಡಗೆ ಸವೆದಿದ್ದರೆ ಅರ ಹಾಕಿ ಚೂಪು ಮಾಡುವುದು, ವೆಲ್ಡಿಂಗ್ ಮಾಡಿಸುವುದು ಸಲ್ಲದು. ಅಂಥ ಹಲ್ಲು ಇಂದು ಹಿಡಿದು ನಾಳೆ ಬಿಡಬಹುದು. ಕೈಹಿಡಿಯ ಇಡೀ ಜೋಡಣೆಯನ್ನೇ ಬದಲಿಸಿರಿ.

ಕೇಬಲ್ಲಿನ ದುರಸ್ತಿ

ತುಂಡಾದ ಕೇಬಲ್ಲಿಗೆ ಗಂಟು, ಬೆಸುಗೆ, ಕ್ಲಾಂಪು ಯಾವುದೂ ನಂಬಿಕೆಗೆ ಯೋಗ್ಯವಲ್ಲ. ಹೊಸದನ್ನೇ ಹಾಕಬೇಕು. ಅಂಗಡಿಗೆ ಹೋಗುವಾಗ ಹಳೆಯ ಕೇಬಲ್ ಜೊತೆಗೊಯ್ದು, ಕಾರಿನ ಮಾದರಿ ಮತ್ತು ವರ್ಷ ಹೇಳಿ, ಉದ್ದವನ್ನೂ ತುದಿಯ ಗುಂಡುಗಳನ್ನೂ ತಾಳೆ ನೋಡಿ ಕೊಳ್ಳಿರಿ. ಎರಡು ಗಾಲಿಗೂ ಬೇರೆ ಬೇರೆ ಕೇಬಲ್ ಇದ್ದು ಎರಡೂ ಹಳೆಯವಾಗಿದ್ದರೆ ಒಟ್ಟಿಗೇ ಬದಲಿಸುವುದು ಲೇಸು. ಹಳೆಯದು ಹಾದುಹೋದ ದಾರಿಯಲ್ಲೇ ಹೊಸದನ್ನು ಒಯ್ದು, ಎಲ್ಲ ಕ್ಲಿಪ್ಪುಗಳನ್ನೂ ಮರಳಿ ಹಾಕಬೇಕು. ಸೈಲೆನ್ಸರ್ ಕೊಳವೆಗೆ ತಗಲಿದರೆ ಕೇಬಲ್ ಸುಡುತ್ತದೆ.

ಡ್ರಮ್ಮಿನ ದುರಸ್ತಿ

ಮೂರನೆಯ ಲಕ್ಷಣ ಕಂಡಾಗ ಹಲವರು ಕೇಬಲ್ಲಿನ ನಟ್ಟನ್ನು ಬಿಗಿದು ಕೆಲಸ ಮುಗಿಯಿತೆನ್ನುತ್ತಾರೆ. ಮುಖ್ಯವಾದ ತಪ್ಪು ಇದೇ. ಷೂ ಸವೆದಾಗಲೂ ಕೈಹಿಡಿ ಮೇಲೆ ಬರುತ್ತದೆ. ಅಂದರೆ ಷೂ ತೀರುತ್ತಿದೆ ಎಂದು ಕೈಹಿಡಿ ನಿಮಗೆ ಹೇಳುತ್ತಿರುತ್ತದೆ. ನಟ್ಟು ಬಿಗಿದರೆ ಆ ಮಾತು ಕೇಳದಂತಾಗುತ್ತದೆಯೇ ಹೊರತು ಸವೆತ ನಿಲ್ಲುವುದಿಲ್ಲ. ಅದೇ ಷೂ ಕಾಲಿನ ಬ್ರೇಕಿಗೂ ಬೇಕು. ಆದ್ದರಿಂದ ಮೊದಲು ಡ್ರಮ್ ತೆಗೆದು ನೋಡಬೇಕು.

ಡ್ರಮ್ ತೆಗೆಯುವ ಮೊದಲು ಕೇಬಲ್ಲಿನ ನಟ್ಟನ್ನು ಸಡಿಲಿಸಿರಿ. ಕೆಲವು ಕಾರುಗಳಲ್ಲಿ ಗಾಲಿಯ ಬೇರಿಂಗಿನ ನಟ್ಟು ಬಿಚ್ಚದೆ ಡ್ರಮ್ ಹೊರಬರುವುದಿಲ್ಲ. ಇಂಥ ಕಡೆ ಅನುಭವಿ ಮೆಕ್ಯಾನಿಕ್‌ನಿಂದ ಕೆಲಸ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿರಿ. ಒಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಪುಪ್ಪುಸಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಹೂಳಿರಿ. ಡ್ರಮ್ಮಿನ ಒಳಗೆ ಸೀಮೆಎಣ್ಣೆ ಹಾಕಬಾರದು.

ಲೈನಿಂಗ್ ತೆಳುವಾಗಿದ್ದರೆ ಎರಡೂ ಗಾಲಿಗಳ ನಾಲ್ಕೂ ಷೂ ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಬ್ರೇಕು ಒಂದು ಮಗ್ಗಲಿಗೆ ಎಳೆಯುತ್ತದೆ. ಒಳಗೆ ತೇವ ಕಂಡರೆ ಬ್ರೇಕ್ ಆಯಿಲ್ ಸೋರುತ್ತಿದೆ ಎಂದರ್ಥ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಷೂ ಹಾಕಿಸಿರಿ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಮರಳಿ ಹಾಕಿದರೆ ಉಪಯೋಗವಿಲ್ಲ. ಸನ್ನೆಯ ಕೀಲು ಸರಾಗವಾಗಿ ತಿರುಗುತ್ತದೆಯೇ ನೋಡಿರಿ.

ಒಂದು ಅನುಕೂಲದ ಮಾತು: ಎರಡೂ ಡ್ರಮ್ಮುಗಳ ಒಳಭಾಗವನ್ನು ಒಮ್ಮೆಲೇ ಬಿಚ್ಚಬೇಡಿರಿ. ಒಂದು ಕಡೆಯದು ಜೋಡಿಸಿದ ಮೇಲೆ ಇನ್ನೊಂದನ್ನು ಬಿಚ್ಚಿದರೆ, ಯಾವ ಸ್ಪ್ರಿಂಗ್ ಎಲ್ಲಿ ಕೂರಬೇಕು ಎಂಬುದಕ್ಕೆ ಮಾದರಿ ಎದುರಿಗೇ ಇರುತ್ತದೆ. ಅದು ಎಡ-ಬಲ ತಿರುವಿದಂತೆ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹೊಂದಿಸುವ ಕ್ರಮ

ಮೊದಲು ಷೂ, ಆಮೇಲೆ ಕೇಬಲ್. ಷೂ ತಾನಾಗಿ ಹೊಂದಿಕೊಳ್ಳುವ ಕಾರಾದರೆ ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಬಿಡಬೇಕು. ಕೈಯಿಂದ ಹೊಂದಿಸುವ ಕಾರಾದರೆ ಡ್ರಮ್ಮಿನ ಹೊಂದಾಣಿಕೆಯ ತಿರುಪನ್ನು ತಿರುಗಿಸಬೇಕು. ನಂತರ ಕೇಬಲ್ಲಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಕೈಹಿಡಿ ಎಳೆದು ನೋಡಿರಿ. ಎಷ್ಟು ಹಲ್ಲಿಗೆ ಗಾಲಿ ಹಿಡಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಎರಡೂ ಗಾಲಿಗಳು ಸಮನಾಗಿ ಹಿಡಿಯಬೇಕು. ಕೈಹಿಡಿ ಪೂರ್ತಿ ಇಳಿಸಿದಾಗ ಎರಡೂ ಸಲೀಸಾಗಿ ತಿರುಗಬೇಕು. ಕೊನೆಗೆ, ಯಾರೂ ಇಲ್ಲದ ಸಣ್ಣ ಇಳಿಜಾರಿನಲ್ಲಿ, ಕಾಲನ್ನು ಬ್ರೇಕಿನ ಹತ್ತಿರವೇ ಇಟ್ಟುಕೊಂಡು ಪರೀಕ್ಷಿಸಿರಿ.

ರೂಢಿಯಲ್ಲಿರಬೇಕಾದ ಸಂಗತಿಗಳು

ಇಳಿಜಾರಿನಲ್ಲಿ ನಿಲ್ಲಿಸುವಾಗ ಕೈಬ್ರೇಕಿನ ಜೊತೆಗೆ ಗೇರೂ ಹಾಕಿರಿ. ಮೂತಿ ಮೇಲಿದ್ದರೆ ಒಂದನೆಯ ಗೇರು, ಕೆಳಗಿದ್ದರೆ ರಿವರ್ಸ್ ಗೇರು. ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರು ಹಾಕಿ, ಗಾಲಿಗೆ ಬೆಣೆ ಕೊಟ್ಟು, ಕೈಬ್ರೇಕು ಇಳಿಸಿಡಿರಿ. ಇಲ್ಲವಾದರೆ ಷೂ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಕೈಹಿಡಿ ಇಳಿಸಿದ ಮೇಲೂ ಬ್ರೇಕಿನ ಕೆಂಪು ದೀಪ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಮಟ್ಟ ನೋಡಿರಿ. ಮಳೆಗಾಲ ಮುಗಿದೊಡನೆ ಕಾರಿನ ತಳದ ಮಣ್ಣು ತೊಳೆದು ಕೇಬಲ್ಲಿನ ಕೊಳವೆ ಸೀಳಿದೆಯೇ ಎಂದು ಪರೀಕ್ಷಿಸಿರಿ.

ಕಾಯ್ದೆಯ ದೃಷ್ಟಿಯಿಂದಲೂ ಇದು ಅವಶ್ಯ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾಲಿನ ಬ್ರೇಕಿನಂತೆ ನಿಲುಗಡೆಯ ಬ್ರೇಕೂ ಕಾರಿಗೆ ಇರಲೇಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು ತಪಾಸಣೆಗೆ ಒಯ್ಯಬೇಕಾಗುತ್ತದೆ.

ಚಕ್ಕಡಿ ಹೂಡುವ ಮೊದಲು ಅಚ್ಚು, ಕೀಲು ನೋಡುವುದು ನಮ್ಮ ಹಿರಿಯರ ರೂಢಿ. ಕಾರಿನ ಕೈಹಿಡಿಯನ್ನೂ ತಿಂಗಳಿಗೊಮ್ಮೆ ಎಳೆದು ಹಲ್ಲು ಎಣಿಸಿರಿ. ಎಣಿಕೆ ಹೆಚ್ಚಾಯಿತೆಂದರೆ ಪಾನಾ ಹಿಡಿದು ನಟ್ಟಿಗೆ ಹೋಗದೆ ಮೊದಲು ಡ್ರಮ್ ತೆಗೆಸಿ ನೋಡಿರಿ.